ಅಮ್ಮನ ಖಿನ್ನತೆಯ ಮಾತ್ರೆ: ಹದಿನಾಲ್ಕು ಹನ್ನೊಂದಾದರೆ ಸಾಕೇ?

ಪ್ರಶ್ನೆ
ಗಣಿತ ಟೀಚರ್, ಶಿವಮೊಗ್ಗ

ಈ ವರ್ಷ ನಮ್ಮ ಮನೆಯಲ್ಲಿ ಹಲಸಿನ ಹಪ್ಪಳ ಆಗಲಿಲ್ಲ. ವಿಷಯ ಅಲ್ಲಿಂದಲೇ ಶುರುವಾಗುತ್ತದೆ, ಆದ್ದರಿಂದ ಅಲ್ಲಿಂದಲೇ ಹೇಳುತ್ತೇನೆ.

ನಮ್ಮದು ಹೊಸನಗರ ತಾಲ್ಲೂಕಿನ ನಿಟ್ಟೂರು ಕಡೆಯ ಹಳ್ಳಿ. ಏಪ್ರಿಲ್ ಕೊನೆಯಿಂದ ಮೊದಲ ಮಳೆ ಬೀಳುವವರೆಗೆ ಅಮ್ಮನಿಗೆ ಬೇರೆ ಲೋಕವೇ ಇರುತ್ತಿರಲಿಲ್ಲ. ಬಲಿತ ಕಾಯಿ ಕೊಯ್ಯಿಸಿ, ತೊಳೆ ಬಿಡಿಸಿ, ಬೇಯಿಸಿ, ಕುಟ್ಟಿ, ಚಾಪೆಯ ಮೇಲೆ ಸಾಲಾಗಿ ಹಪ್ಪಳ ಹಾಕಿ, ಕಾಗೆ ಕಾಯುತ್ತ ಕೂರುತ್ತಿದ್ದಳು. ಈ ಸಲ ಬೇಸಿಗೆ ರಜೆಗೆ ಹೋದಾಗ ಕಾಯಿಗಳು ಹಣ್ಣಾಗಿ ಮರದಡಿಯಲ್ಲೇ ಬಿದ್ದು ಕೊಳೆಯುತ್ತಿದ್ದವು. ಕೇಳಿದರೆ "ಕೈಯೇ ಬರುವುದಿಲ್ಲ" ಎಂದಳು. ರಾತ್ರಿ ಮೂರು ಗಂಟೆಗೆ ಎದ್ದು ಕತ್ತಲಲ್ಲಿ ಜಗುಲಿಯ ಮೇಲೆ ಕುಳಿತಿರುತ್ತಾಳೆ ಎಂಬುದು ನನಗೆ ಆಗ ಗೊತ್ತಾಯಿತು. ಅಪ್ಪನಿಗೆ ಮೊದಲೇ ಗೊತ್ತಿತ್ತು. "ವಯಸ್ಸಾಯಿತಲ್ಲ" ಎಂದುಕೊಂಡು ಸುಮ್ಮನಿದ್ದರು. ಅಮ್ಮನಿಗೆ ಈಗ 61.

ಮನೆಯಲ್ಲಿ ಯಾವ ಅನಾಹುತವೂ ಆಗಿಲ್ಲ. ಎಲೆಚುಕ್ಕೆ ರೋಗದಿಂದ ಅಡಿಕೆ ತೋಟ ಸ್ವಲ್ಪ ಹಾಳಾಗಿದೆ, ನಿಜ. ಆದರೆ ನಮ್ಮ ಕಡೆ ಯಾರ ತೋಟ ಹಾಳಾಗಿಲ್ಲ? ಅಮ್ಮ ಆಸ್ಪತ್ರೆಗೆ ಹೋಗಿದ್ದು ಕೂಡ ಮನಸ್ಸಿಗೆಂದು ಅಲ್ಲ. ತಲೆಭಾರ, ಎದೆಯಲ್ಲಿ ಢವಢವ, ಕಾಲು ಸೆಳೆತ ಎಂದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆ ಚಿಕ್ಕ ವಯಸ್ಸಿನವರು. ಹಿಮೋಗ್ಲೋಬಿನ್, ಥೈರಾಯಿಡ್, ಸಕ್ಕರೆ ಎಲ್ಲ ಪರೀಕ್ಷಿಸಿ, ಏನೂ ಸಿಗದಿದ್ದಾಗ ಒಂದು ಹಾಳೆ ತೆಗೆದು ಒಂಬತ್ತು ಪ್ರಶ್ನೆ ಕೇಳಿದರು. ಕೊನೆಯ ಪ್ರಶ್ನೆಗೆ ಮೊದಲು ನನ್ನನ್ನು ಹೊರಗೆ ಹೋಗಲು ಹೇಳಿದರು. ಒಟ್ಟು 27 ಅಂಕಗಳಲ್ಲಿ ಅಮ್ಮನಿಗೆ 14. ಅಂಕ ಹೆಚ್ಚಿದಷ್ಟೂ ಕಾಯಿಲೆ ಹೆಚ್ಚು. ಮಧ್ಯಮ ಮಟ್ಟದ ಖಿನ್ನತೆ ಎಂದರು. ಸೆರ್ಟ್ರಾಲೀನ್ ಮಾತ್ರೆ ಒಂದು ವಾರ 25 ಮಿಲಿಗ್ರಾಂ, ಆಮೇಲೆ 50 ಮಿಲಿಗ್ರಾಂ ಬರೆದುಕೊಟ್ಟರು.

ಮೊನ್ನೆಗೆ ಆರು ವಾರ ತುಂಬಿತು. ಅದೇ ಹಾಳೆ, ಅದೇ ಪ್ರಶ್ನೆಗಳು. ಈ ಸಲ 11.

ಬೆಂಗಳೂರಿನಲ್ಲಿರುವ ಅಣ್ಣ ಒಂದು ಸುದ್ದಿ ಕಳುಹಿಸಿದ್ದಾನೆ. ಬ್ರಿಟನ್ನಿನಲ್ಲಿ ಕುಟುಂಬ ವೈದ್ಯರ ಬಳಿ ಬಂದ ರೋಗಿಗಳಿಗೆ ಇದೇ ಸೆರ್ಟ್ರಾಲೀನ್ ಕೊಟ್ಟು ನೋಡಿದರಂತೆ. ಆರು ವಾರದಲ್ಲಿ ಖಿನ್ನತೆಯ ಲಕ್ಷಣಗಳ ಮಟ್ಟಿಗೆ ಔಷಧವೇ ಇಲ್ಲದ ಹುಸಿ ಮಾತ್ರೆಗಿಂತ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲವಂತೆ. "ಅಮ್ಮನಿಗೂ ಅದೇ ಆಗಿದೆ, ನಿಲ್ಲಿಸಿಬಿಡು" ಎನ್ನುತ್ತಾನೆ. ಪಕ್ಕದ ಮನೆಯ ದೊಡ್ಡಮ್ಮ ಇದು ಒಮ್ಮೆ ಹಿಡಿದರೆ ಬಿಡದ ಚಟ ಎಂದು ಹೆದರಿಸಿದ್ದಾರೆ. ಹದಿನಾಲ್ಕು ಹನ್ನೊಂದಾಗುವುದು ಸುಮ್ಮನೆ ಇದ್ದರೂ ಆಗಬಹುದಾಗಿತ್ತಲ್ಲವೇ ಎಂಬುದು ನನ್ನದೇ ಅನುಮಾನ. ಅಮ್ಮನಿಗೆ ನಾನು ಏನು ಹೇಳಲಿ? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1
ನಿವೃತ್ತ ವೈದ್ಯ, ಸಾಗರ

ಟೀಚರ್, ಮೊದಲು ಒಂದು ಮಾತು: ಮಾತ್ರೆಯನ್ನು ಇವತ್ತು ನಿಲ್ಲಿಸಬೇಡಿ. ಉಳಿದದ್ದನ್ನು ನಿಧಾನವಾಗಿ ಮಾತನಾಡೋಣ.

ನಾನು 31 ವರ್ಷ ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಕೆಲಸ ಮಾಡಿದವನು. ನಾನು ಸೇರಿದ ಕಾಲಕ್ಕೆ ಖಿನ್ನತೆಗೆ ನಮ್ಮ ಕೈಯಲ್ಲಿದ್ದದ್ದು ಅಮಿಟ್ರಿಪ್ಟಿಲೀನ್, ಇಮಿಪ್ರಮೀನ್. ಬಾಯಿ ಒಣಗುತ್ತದೆ, ಮಲಬದ್ಧತೆ, ಎದ್ದು ನಿಂತರೆ ತಲೆಸುತ್ತು. ತೋಟಕ್ಕೆ ಇಳಿಯುವವರು ಹೇಗೆ ತಾನೇ ನುಂಗಿಯಾರು? ನಾವೂ ಹೆದರಿ ಸಣ್ಣ ಪ್ರಮಾಣ ಕೊಡುತ್ತಿದ್ದೆವು, ಅದರಿಂದ ನಿದ್ದೆ ಬರುತ್ತಿತ್ತು, ಕಾಯಿಲೆ ಹಾಗೆಯೇ ಉಳಿಯುತ್ತಿತ್ತು. ಹಳ್ಳಿಯ ಸಾಮಾನ್ಯ ವೈದ್ಯನೂ ಮನಸ್ಸಿನ ಕಾಯಿಲೆ ನೋಡಬಲ್ಲ ಎಂದು 1980ರ ದಶಕದಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಮಾಡಿ ತೋರಿಸಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನಿಮ್ಮ ಊರಿನ ವೈದ್ಯೆ ಒಂಬತ್ತು ಪ್ರಶ್ನೆ ಕೇಳಿದರಲ್ಲ, ಸಾಯುವ ಯೋಚನೆ ಬರುತ್ತದೆಯೇ ಎಂದು ಕೇಳುವ ಒಂಬತ್ತನೆಯದಕ್ಕೆ ನಿಮ್ಮನ್ನು ಹೊರಗೆ ಕಳುಹಿಸಿದರಲ್ಲ, ಅದನ್ನು ಓದಿ ನನಗೆ ತುಂಬ ಸಂತೋಷವಾಯಿತು. ಅವರು ಕೆಲಸ ಬಲ್ಲವರು.

ಈಗ ನಿಮ್ಮ ಅಣ್ಣ ಕಳುಹಿಸಿದ ಸುದ್ದಿ. ಆ ಅಧ್ಯಯನವನ್ನು ನಾನು ಓದಿದ್ದೇನೆ. ಪಾಂಡಾ ಎಂದು ಅದರ ಹೆಸರು, 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂದದ್ದು. ಬ್ರಿಸ್ಟಲ್, ಲಿವರ್‌ಪೂಲ್, ಲಂಡನ್, ಯಾರ್ಕ್ ಈ ನಾಲ್ಕು ನಗರಗಳಲ್ಲಿ 655 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸೆರ್ಟ್ರಾಲೀನ್, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿ ಮಾತ್ರೆ ಕೊಟ್ಟರು. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ವೈದ್ಯನಿಗೂ ಗೊತ್ತಿಲ್ಲ. ಇದರಿಂದ ಲಾಭವಾದೀತೋ ಇಲ್ಲವೋ ಎಂದು ವೈದ್ಯರಿಗೇ ಖಾತ್ರಿ ಇಲ್ಲದ ರೋಗಿಗಳನ್ನು ಬೇಕೆಂದೇ ಆರಿಸಿಕೊಂಡಿದ್ದರು. ಅವರಲ್ಲಿ ಲಘು ಖಿನ್ನತೆಯವರೂ ಬಹಳ ಮಂದಿ. ಆರು ವಾರದಲ್ಲಿ ಖಿನ್ನತೆಯ ಅಂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಣ್ಣ ಓದಿದ್ದು ಸರಿಯೇ. ಆದರೆ ಅವರು ಅಲ್ಲಿಗೇ ಓದು ನಿಲ್ಲಿಸಿದ್ದಾರೆ. ಅದೇ ಆರು ವಾರದಲ್ಲಿ ಆತಂಕದ ಅಂಕ ಸೆರ್ಟ್ರಾಲೀನ್ ಗುಂಪಿನಲ್ಲಿ ಶೇ. 21ರಷ್ಟು ಕಡಿಮೆ ಇತ್ತು. "ನೀವು ಸುಧಾರಿಸಿದ್ದೀರಾ" ಎಂದು ಕೇಳಿದಾಗ ಹೌದೆನ್ನುವ ಸಾಧ್ಯತೆ ಸುಮಾರು ಎರಡು ಪಟ್ಟು. ಹನ್ನೆರಡನೆಯ ವಾರಕ್ಕೆ ಖಿನ್ನತೆಯಲ್ಲೂ ಸ್ವಲ್ಪ ಇಳಿತ ಕಾಣಿಸಿಕೊಂಡಿತು, ಬಲವಾದ ಸಾಕ್ಷ್ಯವಲ್ಲದಿದ್ದರೂ.

ಅಂದರೆ ಹೆದರಿಕೆ, ಕಳವಳ, ಎದೆಬಡಿತ ಮೊದಲು ಸಡಿಲವಾಗುತ್ತವೆ, ಬೇಸರ ಆಮೇಲೆ. ನನ್ನ ರೋಗಿಗಳಲ್ಲೂ ಹೀಗೆಯೇ ನೋಡಿದ್ದೇನೆ. "ಬೇಜಾರು ಹೋಗಿಲ್ಲ ಡಾಕ್ಟರೇ, ಆದರೆ ಅದು ಮೊದಲಿನ ಹಾಗೆ ಮೈಮೇಲೆ ಬೀಳುವುದಿಲ್ಲ" ಎಂದು ಕೋಣಂದೂರಿನ ಕಡೆಯ ಒಬ್ಬ ಹೆಂಗಸು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಆದ್ದರಿಂದ ನಿಮ್ಮನ್ನು ಕೇಳುತ್ತೇನೆ: ಒಟ್ಟು ಅಂಕ 14ರಿಂದ 11ಕ್ಕೆ ಬಂತು, ಸರಿ. ಯಾವ ಪ್ರಶ್ನೆಯ ಅಂಕ ಇಳಿಯಿತು? ಯಾವುದು ಇಳಿಯಲಿಲ್ಲ? ನೀವು ಗಣಿತದವರು. ಉತ್ತರಪತ್ರಿಕೆಯ ಮೊತ್ತ ನೋಡಿ ಮಗುವಿಗೆ ಯಾವ ಲೆಕ್ಕ ಬರುವುದಿಲ್ಲ ಎಂದು ಹೇಳುತ್ತೀರಾ? ಎರಡೂ ಹಾಳೆಗಳನ್ನು ತರಿಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿ.

ಇನ್ನೊಂದು ವಿಷಯವನ್ನು ಯಾರೂ ಕೇಳಿಲ್ಲ, ನಾನು ಕೇಳಲೇಬೇಕು. ಅಮ್ಮ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆಯೇ? ಯಾವುದು? ಅದರಲ್ಲಿ ಮೂತ್ರ ಹೆಚ್ಚು ಹೋಗಿಸುವ ಔಷಧ ಸೇರಿದ್ದರೆ, ಅರವತ್ತು ದಾಟಿದ ಹೆಂಗಸರಲ್ಲಿ ಸೆರ್ಟ್ರಾಲೀನ್ ಜೊತೆ ಸೇರಿ ರಕ್ತದ ಸೋಡಿಯಂ ಇಳಿಸಿಬಿಡಬಹುದು. ಆಗ ಸುಸ್ತು, ತಲೆನೋವು, ಹೊಟ್ಟೆ ತೊಳಸುವುದು, ನಡೆಯುವಾಗ ಓಲಾಡುವುದು. ನೋಡಿದವರು ಖಿನ್ನತೆ ಹೆಚ್ಚಾಯಿತು ಎಂದುಕೊಳ್ಳುತ್ತಾರೆ. ಮೊಣಕಾಲು ನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದರೆ ಅದನ್ನೂ ವೈದ್ಯೆಗೆ ಹೇಳಿ. ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು.

ಉತ್ತರ 2
ತೋಟದ ಮನೆ, ತೀರ್ಥಹಳ್ಳಿ

ತಂಗೀ, ಚಟದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ಇದೇ ಮಾತ್ರೆಯನ್ನು 100 ಮಿಲಿಗ್ರಾಂನಂತೆ ಎರಡು ವರ್ಷ ತೆಗೆದುಕೊಂಡವನು.

ಒಂದು ವರ್ಷ ಅಡಿಕೆ ಕೊಯ್ಲಿನ ಕಾಲದಲ್ಲಿ ಮಾತ್ರೆ ಮುಗಿಯಿತು. ಮರ ಹತ್ತಿ ಕೊಯ್ಯುವ ಕೊನೆಗಾರ ಸಿಕ್ಕ ದಿನ ಬಿಟ್ಟರೆ ಮತ್ತೆ ಸಿಗುವುದಿಲ್ಲ, ಸುಲಿಯುವವರು ಅಂಗಳದಲ್ಲಿ ಕುಳಿತಿದ್ದಾರೆ, ಒಲೆಯ ಮೇಲೆ ಹಂಡೆ ಇದೆ. ಪೇಟೆಗೆ ಹೋಗುವವರು ಯಾರು? ಹೇಗೂ ಚೆನ್ನಾಗಿದ್ದೇನೆ ಎಂದು ಬಿಟ್ಟೆ. ಮೂರನೆಯ ದಿನಕ್ಕೆ ತಲೆ ತಿರುಗಿಸಿದರೆ ಒಳಗೆ ಕರೆಂಟು ಹೊಡೆದ ಹಾಗೆ ಝುಂ ಎನ್ನತೊಡಗಿತು. ವಾಂತಿ ಬರುವಂತಾಗುವುದು, ಕಾರಣವಿಲ್ಲದೆ ಸಿಟ್ಟು, ರಾತ್ರಿಯೆಲ್ಲ ಕೆಟ್ಟ ಕನಸು. "ನೋಡು, ಚಟ ಹಿಡಿದಿದೆ" ಎಂದು ಮನೆಯವರು ಅತ್ತರು. ನನಗೂ ಹಾಗೆಯೇ ಅನ್ನಿಸಿ ಬಹಳ ಅವಮಾನವಾಯಿತು.

ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರುವ ಮನೋವೈದ್ಯರು ಬಿಡಿಸಿ ಹೇಳಿದರು. ಚಟವೆಂದರೆ ಇನ್ನೂ ಬೇಕು, ಇನ್ನೂ ಜಾಸ್ತಿ ಬೇಕು ಎಂದು ಮನಸ್ಸು ಹಾತೊರೆಯುವುದು, ಇದು ಹಾಗಲ್ಲ. ದೇಹ ಔಷಧಕ್ಕೆ ಹೊಂದಿಕೊಂಡಿರುತ್ತದೆ, ಥಟ್ಟನೆ ತೆಗೆದರೆ ಒದ್ದಾಡುತ್ತದೆ. ಮತ್ತೆ ಶುರು ಮಾಡಿಸಿ, ಆಮೇಲೆ ನಾಲ್ಕು ತಿಂಗಳು ಹಿಡಿದು ಮೆಲ್ಲಗೆ ಇಳಿಸಿದರು. ಕೊನೆಯ ಮೆಟ್ಟಿಲುಗಳು ತೀರಾ ಸಣ್ಣವು, ಅಲ್ಲೇ ಹೆಚ್ಚು ಜಾಗ್ರತೆ ಬೇಕು ಎಂದರು. ಆಗ ಝುಂ ಎನ್ನಲೇ ಇಲ್ಲ.

ಬಿಡುವ ಮೊದಲು ಅವರು ಒಂದು ಚೀಟಿಯ ಹಿಂದೆ ಎರಡು ಸಂಖ್ಯೆ ಬರೆದು ತೋರಿಸಿದ್ದರು. ಇಂಗ್ಲೆಂಡಿನ 150 ಕುಟುಂಬ ವೈದ್ಯರ ಕ್ಲಿನಿಕ್‌ಗಳಲ್ಲಿ ಬಹುಕಾಲದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದು, ಈಗ ಚೆನ್ನಾಗಿದ್ದೇವೆ, ಬಿಡಬಹುದೇನೋ ಎಂದುಕೊಂಡ 478 ಜನರ ಮೇಲೆ ನಡೆದ ಅಧ್ಯಯನವಂತೆ, 2021ರಲ್ಲಿ ಪ್ರಕಟವಾದದ್ದು. ಮುಂದುವರಿಸಿದವರಲ್ಲಿ ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು 100ಕ್ಕೆ 39 ಮಂದಿಗೆ, ಇಳಿಸಿ ಬಿಟ್ಟವರಲ್ಲಿ 100ಕ್ಕೆ 56 ಮಂದಿಗೆ. "ಬಿಟ್ಟವರಲ್ಲಿ 44 ಮಂದಿಗೆ ಏನೂ ಆಗಲಿಲ್ಲ, ಮುಂದುವರಿಸಿದರೂ 39 ಮಂದಿಗೆ ಬಂತು. ನೀವು ಯಾವ ಗುಂಪಿಗೆ ಸೇರುತ್ತೀರಿ ಎಂದು ನಾನು ಹೇಳಲಾರೆ, ಆಯ್ಕೆ ನಿಮ್ಮದು" ಎಂದರು. ನನ್ನನ್ನು ಬುದ್ಧಿ ಇರುವ ಮನುಷ್ಯನೆಂದು ಕಂಡು ಅಷ್ಟು ಹೇಳಿದ ವೈದ್ಯರು ಅವರೊಬ್ಬರೇ.

ನಾನು ಬಿಟ್ಟೆ. ಎಂಟು ತಿಂಗಳು ಚೆನ್ನಾಗಿದ್ದೆ. ಆಷಾಢದ ಮಳೆ ಹಿಡಿದಾಗ ಅದೇ ಮೂರು ಗಂಟೆಯ ಎಚ್ಚರ ಮತ್ತೆ ಬಂತು. ಈ ಸಲ ಗುರುತು ಹಿಡಿದು ಎರಡೇ ವಾರದಲ್ಲಿ ಆಸ್ಪತ್ರೆಗೆ ಹೋದೆ. ಈಗ ಮತ್ತೆ ತೆಗೆದುಕೊಳ್ಳುತ್ತಿದ್ದೇನೆ, ಯಾವ ನಾಚಿಕೆಯೂ ಇಲ್ಲ. ಕೊಳೆ ರೋಗ ಬಾರದಿರಲೆಂದು ವರ್ಷ ವರ್ಷ ಮಳೆಗೆ ಮುಂಚೆ ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಹೋದ ವರ್ಷ ಕೊಳೆ ಬರಲಿಲ್ಲವೆಂದು ಈ ವರ್ಷ ಮೈಲುತುತ್ತ ತರದೇ ಇರುತ್ತೇವೆಯೇ? ಹೊಡೆದರೂ ಕೆಲವು ಮರಕ್ಕೆ ಕೊಳೆ ಬರುತ್ತದೆ. ಆದರೂ ಹೊಡೆಯುತ್ತೇವೆ.

ಉತ್ತರ 3
ಆಪ್ತ ಸಮಾಲೋಚಕಿ, ಭದ್ರಾವತಿ

ವೈದ್ಯರ ಮಾತನ್ನು ಗೌರವಿಸುತ್ತಲೇ ನಾನು ಸ್ವಲ್ಪ ಭಿನ್ನವಾಗಿ ಹೇಳಬೇಕಾಗಿದೆ. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗಿದೆ, ಮಾತ್ರೆ ಅದನ್ನು ತುಂಬುತ್ತದೆ ಎಂದು ಎಷ್ಟೋ ರೋಗಿಗಳಿಗೆ ಹೇಳಿ ಕಳುಹಿಸುತ್ತಾರೆ. ಖಿನ್ನತೆಗೆ ಅದೇ ಕಾರಣವೆನ್ನಲು ಸ್ಥಿರವಾದ ಸಾಕ್ಷ್ಯವಿಲ್ಲವೆಂದು 2022ರ ಒಂದು ದೊಡ್ಡ ವಿಮರ್ಶೆ ಹೇಳಿದೆ. ಕಬ್ಬಿಣಾಂಶ ಕಡಿಮೆಯಾದರೆ ಕಬ್ಬಿಣದ ಮಾತ್ರೆ ಕೊಟ್ಟಂತೆ ಇದಲ್ಲ. ಹಾಗೆ ನಂಬಿದವರು ಮಾತ್ರೆ ನುಂಗಿ ಸುಮ್ಮನೆ ಕಾಯುತ್ತ ಕೂರುತ್ತಾರೆ, ನನ್ನ ಸಂಕಟ ಅದು.

ಗೋವಾದ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಅಧ್ಯಯನವೊಂದಿದೆ. 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ತೀವ್ರ ಖಿನ್ನತೆಯ 495 ಜನ. ವೈದ್ಯರಲ್ಲದ, ಸ್ಥಳೀಯವಾಗಿ ಆರಿಸಿ ತರಬೇತಿ ಕೊಟ್ಟ ಆಪ್ತ ಸಮಾಲೋಚಕರು ಆರರಿಂದ ಎಂಟು ಸಲ ಕುಳಿತು ಮಾತನಾಡಿದರು. ಮುಖ್ಯವಾಗಿ ಮಾಡಿಸಿದ್ದು ಇಷ್ಟೇ: ಬಿಟ್ಟುಹೋದ ಕೆಲಸಗಳಲ್ಲಿ ಒಂದು ಸಣ್ಣದನ್ನು ಹಿಡಿದು, ಮನಸ್ಸು ಬರುವವರೆಗೆ ಕಾಯದೆ ಮಾಡುವುದು. ಮೂರು ತಿಂಗಳಲ್ಲಿ ಅವರಲ್ಲಿ ಶೇ. 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು, ಮಾಮೂಲಿ ಆರೈಕೆಯಷ್ಟೇ ಪಡೆದವರಲ್ಲಿ ಶೇ. 39.

ನಿಮ್ಮ ಅಮ್ಮ "ಕೈಯೇ ಬರುವುದಿಲ್ಲ" ಎಂದರಲ್ಲ, ಎಷ್ಟು ಸರಿಯಾದ ಮಾತು! ಹಪ್ಪಳದ ಕಾಲ ಮುಗಿಯಿತು, ಇರಲಿ. ಈಗ ಮಳೆಯಲ್ಲಿ ಕೆಸು ಎದ್ದಿರುತ್ತದೆ. ಪತ್ರೊಡೆ ಮಾಡು ಎನ್ನಬೇಡಿ, ಅದು ಬೆಟ್ಟದಂಥ ಕೆಲಸವಾಗಿ ಕಾಣುತ್ತದೆ. ನಾಲ್ಕು ಎಲೆ ಕೊಯ್ದು ಕಟ್ಟೆಯ ಮೇಲೆ ಇಡಲು ಹೇಳಿ. ಆ ದಿನಕ್ಕೆ ಅಷ್ಟು ಸಾಕು. ಯಾರೊಂದಿಗಾದರೂ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡುತ್ತಾರೆ, ಹಣ ಕೊಡಬೇಕಿಲ್ಲ, ರಾತ್ರಿ ಮೂರು ಗಂಟೆಗೂ ಇರುತ್ತಾರೆ.

ಉತ್ತರ 4
ನಿವೃತ್ತ ವೈದ್ಯ, ಸಾಗರ

ಮೇಡಂ, ಸೆರೊಟೋನಿನ್ ವಿಷಯದಲ್ಲಿ ನೀವು ಹೇಳಿದ್ದನ್ನು ಒಪ್ಪುತ್ತೇನೆ. ನಾನೂ ಒಂದು ಕಾಲದಲ್ಲಿ ಹಾಗೆಯೇ ಹೇಳಿ ಕಳುಹಿಸಿದ್ದೇನೆ, ಈಗ ಹೇಳುವುದಿಲ್ಲ. ಆದರೆ ಔಷಧ ಹೇಗೆ ಕೆಲಸ ಮಾಡುತ್ತದೆ ಎಂಬುದೂ, ಕೆಲಸ ಮಾಡುತ್ತದೆಯೇ ಎಂಬುದೂ ಬೇರೆ ಬೇರೆ ಪ್ರಶ್ನೆಗಳು. 2018ರಲ್ಲಿ 522 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ 21 ಔಷಧಗಳಲ್ಲಿ ಪ್ರತಿಯೊಂದೂ ಹುಸಿ ಮಾತ್ರೆಗಿಂತ ಮೇಲೆಯೇ ಇತ್ತು. ಸರಾಸರಿ ಲಾಭ ದೊಡ್ಡದಲ್ಲ, ಆದರೆ ಇದೆ.

ಗೋವಾದ ಹಳೆಯ ಕಥೆಯನ್ನೂ ಸೇರಿಸಿಕೊಳ್ಳಿ. 2003ರಲ್ಲಿ ಅಲ್ಲಿಯ ಸಾಮಾನ್ಯ ಹೊರರೋಗಿಗಳಲ್ಲಿ 450 ಮಂದಿಯ ಮೇಲೆ ಫ್ಲುಯಾಕ್ಸೆಟೀನ್ ಎಂಬ ಖಿನ್ನತೆಯ ಮಾತ್ರೆ, ಹುಸಿ ಮಾತ್ರೆ, ಮಾತಿನ ಚಿಕಿತ್ಸೆ ಮೂರನ್ನೂ ಹೋಲಿಸಿದರು. ಎರಡು ತಿಂಗಳಿಗೆ ಮಾತ್ರೆ ಗೆದ್ದಿತು, ಮಾತು ಗೆಲ್ಲಲಿಲ್ಲ. ಅಲ್ಲಿನವರು ಮಾತನ್ನು ಕೈಬಿಡದೆ, ಎಂಥ ಮಾತು, ಯಾರಿಂದ, ಎಷ್ಟು ಸಲ ಎಂದು ವರ್ಷಗಟ್ಟಲೆ ತಿದ್ದಿದರು. ನೀವು ಹೇಳಿದ 2017ರ ಫಲಿತಾಂಶ ಬಂದದ್ದು ಆಮೇಲೆ. ಲಘು ಖಿನ್ನತೆಗೆ ಮೊದಲು ಮಾತ್ರೆ ಬೇಡ ಎಂದು ನಾನೂ ಹೇಳುತ್ತೇನೆ. ಟೀಚರ್ ಅವರ ತಾಯಿಯದು ಲಘುವಲ್ಲ. ಕೆಸುವಿನ ಎಲೆಯೂ ಇರಲಿ, ಮಾತ್ರೆಯೂ ಇರಲಿ.

ಟೀಚರ್, ರಕ್ತದೊತ್ತಡದ ಮಾತ್ರೆಯ ಬಗ್ಗೆ ಕೇಳಿದ್ದಕ್ಕೆ ನೀವು ಇನ್ನೂ ಉತ್ತರಿಸಿಲ್ಲ.

ಉತ್ತರ 5
ಗಣಿತ ಟೀಚರ್, ಶಿವಮೊಗ್ಗ

ಸರ್, ಕ್ಷಮಿಸಿ, ತಡವಾಯಿತು. ಮಳೆಗೆ ಎರಡು ದಿನ ಶಾಲೆಗೆ ರಜೆ ಕೊಟ್ಟರು, ನಾನು ಊರಿಗೇ ಹೋಗಿದ್ದೆ.

ಅಮ್ಮನ ರಕ್ತದೊತ್ತಡದ ಮಾತ್ರೆಯ ಪಟ್ಟಿ ನೋಡಿದೆ. ನೀವು ಊಹಿಸಿದಂತೆಯೇ ಅದರಲ್ಲಿ ಮೂತ್ರ ಹೆಚ್ಚು ಹೋಗಿಸುವ ಹೈಡ್ರೋಕ್ಲೋರೋಥಯಜೈಡ್ ಇತ್ತು. ನಾಲ್ಕು ವರ್ಷದ ಹಿಂದೆ ಬೇರೆ ಕಡೆ ಬರೆದುಕೊಟ್ಟಿದ್ದನ್ನೇ ಅಪ್ಪ ಮೆಡಿಕಲ್ ಅಂಗಡಿಯಿಂದ ತಂದುಕೊಡುತ್ತಿದ್ದರು. ಆಸ್ಪತ್ರೆಯಲ್ಲಿ ಹೇಳಿರಲೇ ಇಲ್ಲ, "ಅದು ಬಿಪಿಗಲ್ಲವೇ" ಎಂದುಕೊಂಡು. ವೈದ್ಯೆ ಕೇಳಿದ ತಕ್ಷಣ ರಕ್ತ ಕಳುಹಿಸಿದರು. ಸೋಡಿಯಂ 130 ಬಂತು. 135ಕ್ಕಿಂತ ಕೆಳಗೆ ಇರಬಾರದಂತೆ. ಬಿಪಿ ಮಾತ್ರೆಯನ್ನು ಬದಲಾಯಿಸಿದರು, ಸೆರ್ಟ್ರಾಲೀನ್ 50 ಸದ್ಯಕ್ಕೆ ಹಾಗೆಯೇ ಇರಲಿ, ವಾರದಲ್ಲಿ ಮತ್ತೆ ಪರೀಕ್ಷಿಸಿ ನೋಡೋಣ ಎಂದರು. ಅದರ ನಡುವೆ ಗೊಂದಲ, ವಾಂತಿ, ವಿಪರೀತ ಮಂಪರು ಕಂಡರೆ ಕಾಯದೆ ತಕ್ಷಣ ಕರೆತರಲು ಹೇಳಿದ್ದಾರೆ.

ಎರಡೂ ಹಾಳೆಗಳನ್ನು ಅವರೇ ತೆಗೆದುಕೊಟ್ಟರು. ಪಕ್ಕಪಕ್ಕ ಇಟ್ಟೆ. ಆಸಕ್ತಿ 2, ಈಗಲೂ 2. ಬೇಸರ 2, ಈಗಲೂ 2. ಅಣ್ಣ ನೋಡಿದ್ದು ಇವೆರಡನ್ನೇ ಎನ್ನಬಹುದು. ನಿದ್ದೆ 3 ಇದ್ದದ್ದು 1 ಆಗಿದೆ. ಚಡಪಡಿಕೆ 1ರಿಂದ ಸೊನ್ನೆ. ಸುಸ್ತು ಮಾತ್ರ 2ರಿಂದ 3ಕ್ಕೆ ಏರಿದೆ! ಅದಕ್ಕೆ ಕಾರಣ ಸೋಡಿಯಂ ಇರಬಹುದೆಂದು ವೈದ್ಯೆಯೂ ಹೇಳಿದರು. ಮೊತ್ತವನ್ನಷ್ಟೇ ನೋಡಿದ್ದರೆ ಇಳಿದ ನಾಲ್ಕು, ಏರಿದ ಒಂದು ಎರಡೂ ನನಗೆ ಕಾಣುತ್ತಿರಲಿಲ್ಲ.

ಒಂಬತ್ತನೆಯ ಪ್ರಶ್ನೆ ಮೊದಲ ಹಾಳೆಯಲ್ಲಿ 1. ಅಮ್ಮನನ್ನು ಕೇಳಿದೆ. ಕೇಳಬಾರದೇನೋ ಎಂದು ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದೆ. "ಮಲಗಿದವಳು ಏಳದಿದ್ದರೆ ಒಳ್ಳೆಯದಿತ್ತು ಎಂದು ಅನ್ನಿಸುತ್ತಿತ್ತು, ಈಗ ಇಲ್ಲ" ಎಂದಳು, ಒಲೆಗೆ ಕಟ್ಟಿಗೆ ನೂಕುತ್ತ. ಎರಡನೆಯ ಹಾಳೆಯಲ್ಲಿ ಅದು ಸೊನ್ನೆ. ಅಣ್ಣನಿಗೆ ಫೋನಿನಲ್ಲಿ ಇದೊಂದನ್ನು ಹೇಳಿದೆ. ಅವನು ತುಂಬ ಹೊತ್ತು ಮಾತನಾಡಲಿಲ್ಲ. ಮಾತ್ರೆ ನಿಲ್ಲಿಸುವ ಮಾತನ್ನು ಮತ್ತೆ ಎತ್ತಿಲ್ಲ.

ತೀರ್ಥಹಳ್ಳಿಯ ಅಣ್ಣಾ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಬೋರ್ಡೋ ದ್ರಾವಣದ ಸಾಲನ್ನು ಎರಡು ಸಲ ಓದಿಸಿದರು. ಮಾತ್ರೆ ಮುಗಿಯುವುದಕ್ಕೆ ಹತ್ತು ದಿನ ಮೊದಲೇ ತರುವ ಜವಾಬ್ದಾರಿ ಈಗ ಅವರದು.

ಮೇಡಂ, ಕೆಸುವಿನ ಎಲೆ ಕೊಯ್ಯಲು ಅಮ್ಮ ಮೊದಲ ದಿನ ಏಳಲಿಲ್ಲ. ಎರಡನೆಯ ದಿನ ನಾನೇ ಕೊಯ್ದು ತಂದು ಹಿಟ್ಟು ರುಬ್ಬುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡಿದಳು. "ಅಷ್ಟು ಹುಳಿ ಸಾಲದು, ಗಂಟಲು ತುರಿಸುತ್ತದೆ" ಎಂದು ಒಳಗೆ ಬಂದು ಹುಣಸೆಹಣ್ಣಿನ ಡಬ್ಬಿ ತೆಗೆದಳು. ಎಲೆ ಸುತ್ತಲಿಲ್ಲ, ಹಬೆಗೂ ಇಡಲಿಲ್ಲ, ಹುಳಿ ಕಿವುಚಿ ಕೊಟ್ಟು ಹೋಗಿ ಮಲಗಿದಳು.

ಶುಕ್ರವಾರ ಮತ್ತೆ ರಕ್ತ ಪರೀಕ್ಷೆ ಇದೆ. ಸೋಡಿಯಂ ಎಷ್ಟು ಬಂತೆಂದು ಇಲ್ಲೇ ಬರೆಯುತ್ತೇನೆ, ಸರ್.